ತೆರೆಯ ಮರೆಯಲ್ಲಿ ಕಳೆದ ಎರಡು ಅಂಕ

ಕಳೆದ ತಿಂಗಳು ನಮ್ಮ ಟ್ಯೂಟರ್ ಮೇಡಂ ತೀರಿಕೊಂಡರೆಂದು ಗೆಳತಿಯೊಬ್ಬಳು ಫೋನಿನಲ್ಲಿ ತಿಳಿಸಿದಾಗ ನನ್ನ ಕಣ್ಣ ಮುಂದೆ ಬಂದದ್ದು ಅವರ ಅಂಗೈ. ನಾವು ಹಾಸಿದ ಚಾದರದ ಮೇಲೆ ಅದನ್ನು ಆಡಿಸಿ, ಎಲ್ಲಿಯಾದರೂ ಸುಕ್ಕು ತಗುಲಿದರೆ ಇಡೀ ಚಾದರವನ್ನು ಕಿತ್ತು, "ಮಲಗಿದಲ್ಲೇ ಇರುವವರಿಗೆ ಈ ಸುಕ್ಕೇ ನಾಳೆ ಹುಣ್ಣು" ಎನ್ನುತ್ತ ಮತ್ತೆ ಹಾಸಿಸುತ್ತಿದ್ದರು. ಜಿ.ಎನ್.ಎಂ. ಎಂಬ ನರ್ಸಿಂಗ್ ಡಿಪ್ಲೊಮಾದ ಪಾಠಗಳಲ್ಲಿ ಹೆಚ್ಚಿನವು ಮರೆತಿವೆ, ಆ ಅಂಗೈ ಮರೆತಿಲ್ಲ.

ಒಮ್ಮೆ ರಾತ್ರಿ ಪಾಳಿಯಲ್ಲಿ, ಸೊಳ್ಳೆ ಕಾಟ ಮುಗಿದು ರೋಗಿಗಳು ಆಗಷ್ಟೇ ಕಣ್ಣುಮುಚ್ಚಿದ್ದ ನಸುಕಿನ ಐದು ಗಂಟೆಗೆ, ಎಬ್ಬಿಸಲು ಮನಸ್ಸಾಗದೆ (ಸೋಮಾರಿತನವೂ ಸೇರಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳಬಹುದು) ನಾನೂ ನನ್ನ ಜೊತೆಗಾತಿಯೂ ವಾರ್ಡಿನ ಎಲ್ಲರ ಚಾರ್ಟಿನಲ್ಲೂ 98.4 ಡಿಗ್ರಿ ಎಂದು ಬರೆದುಬಿಟ್ಟೆವು. ಒಂಬತ್ತನೆಯ ಹಾಸಿಗೆಯವರನ್ನು ನಡುರಾತ್ರಿಯೇ ಆಪರೇಷನ್ ಥಿಯೇಟರಿಗೆ ಒಯ್ದಿದ್ದರು. "ರೋಗಿ ಮೇಲಿನ ಮಹಡಿಯಲ್ಲಿ, ಥರ್ಮಾಮೀಟರ್ ನಿಮ್ಮ ಕೈಯಲ್ಲಿ, ಜ್ವರ ನೋಡಿದ್ದು ಯಾರಮ್ಮಾ?" ಎಂದು ಕೇಳಿದ ಮೇಡಂ, ವಾರಪೂರ್ತಿ ಬೆಡ್‌ಪ್ಯಾನ್ ತೊಳೆಸಿದರು.

ಆದರೆ ನಾನು ಬರೆಯಬೇಕೆಂದಿರುವುದು ತೊಡೆಯ ಮೂಳೆ ಮುರಿದು, ಕಾಲಿಗೆ ತೂಕ ಕಟ್ಟಿಸಿಕೊಂಡು ವಾರಗಟ್ಟಲೆ ಮಲಗಿದ್ದ ಅಜ್ಜಿಯೊಬ್ಬರ ವಿಷಯ. ಪರೀಕ್ಷೆ ಹತ್ತಿರವಾಗಿದ್ದುದರಿಂದ ಹಾಸಿಗೆ ಸ್ನಾನವನ್ನು ನಾನು ಮಾಡಿ ತೋರಿಸಬೇಕಿತ್ತು. ಮೇಡಂ ಮತ್ತು ಎಂಟು ಸಹಪಾಠಿಗಳು ಹಾಸಿಗೆಯ ಸುತ್ತ ಎಳೆದ ತೆರೆಯ ಒಳಗೇ ನಿಂತಿದ್ದರು. ಸೋಪಿಲ್ಲದ ನೀರಿನಲ್ಲಿ ಕಣ್ಣನ್ನು ಮೂಗಿನ ಕಡೆಯಿಂದ ಹೊರಕ್ಕೆ ಒರೆಸುವುದು, ಆಮೇಲೆ ಮುಖ, ಕೈ, ಎದೆ. ತೊಳೆಯುವ ಭಾಗವನ್ನಷ್ಟೇ ತೆರೆದು ಉಳಿದದ್ದನ್ನು ಹೊದಿಸಿಡುವುದು. ಕ್ರಮವೆಲ್ಲ ಬಾಯಿಪಾಠವಾಗಿತ್ತು. ಎದೆಯ ಸರದಿ ಬಂದಾಗ ಅಜ್ಜಿ ಸೆರಗನ್ನು ಮುಷ್ಟಿಯಲ್ಲಿ ಹಿಡಿದು, "ಯವ್ವಾ, ಇಷ್ಟ ಮಂದಿ ಮುಂದ ಬ್ಯಾಡ" ಎಂದು ಗೋಡೆಯ ಕಡೆ ಮುಖ ತಿರುಗಿಸಿದರು. "ಮುಂದುವರಿಸು" ಎಂದರು ಮೇಡಂ. ನನ್ನ ಕೈ ಏಳಲಿಲ್ಲ. ಎಲ್ಲಿಂದ ಬಂತೋ ಧೈರ್ಯ, "ಇವರೆಲ್ಲ ಹೊರಗೆ ಹೋದರೆ ಮಾಡುತ್ತೇನೆ ಮೇಡಂ" ಎಂದೆ. ಅವರು ಏನೂ ಹೇಳದೆ ರೆಕಾರ್ಡಿನಲ್ಲಿ ಎರಡು ಅಂಕ ಕಳೆದು, ಎಲ್ಲರನ್ನೂ ಕರೆದುಕೊಂಡು ಹೊರನಡೆದರು. ನೀರು ಆರಿತ್ತು, ಬದಲಾಯಿಸಿ ತಂದು ಸ್ನಾನ ಮುಗಿಸಿದೆ.

ಭಾರತೀಯ ನರ್ಸಿಂಗ್ ಪರಿಷತ್ತು 2006ರಲ್ಲಿ ಪ್ರಕಟಿಸಿದ ನೀತಿಸಂಹಿತೆಯಲ್ಲಿ ರೋಗಿಯ ಖಾಸಗಿತನವನ್ನು ಗೌರವಿಸಬೇಕೆಂಬುದನ್ನು ಓದಿದಾಗ, ಇದನ್ನು ನಾನು ವಿದ್ಯಾರ್ಥಿನಿಯಾಗಿದ್ದಾಗಲೇ ಪಾಲಿಸಿದ್ದೆನಲ್ಲ ಎಂದು ಹೆಮ್ಮೆಪಟ್ಟದ್ದುಂಟು. ಇಂದಿನ ಮಕ್ಕಳು ಪ್ರಯೋಗಶಾಲೆಯ ಬೊಂಬೆಯ ಮೇಲೆ ಕಲಿತು ಬರುತ್ತಾರೆ. ಅಜ್ಜಿಯಂಥವರು ಅವರ ಕಲಿಕೆಗೆ ಮೈಯೊಡ್ಡಬೇಕಿಲ್ಲ ಎಂಬುದು ಒಳ್ಳೆಯದೇ. ಆದರೆ ಬೊಂಬೆ ಸೆರಗು ಹಿಡಿಯುವುದಿಲ್ಲ. ವಾರ್ಡಿಗೆ ಬಂದ ಮೇಲೂ ಅವರ ಕಣ್ಣು ಮಾನಿಟರಿನಲ್ಲೇ ಇರುತ್ತದೆ, ಹೆಸರು ಕೇಳುವ ಮೊದಲೇ ಹೊದಿಕೆ ಸರಿಸುತ್ತಾರೆ.

ಅಂದು ಸಂಜೆ ಟವೆಲ್ ಮರೆತು ವಾರ್ಡಿಗೆ ಮರಳಿದಾಗ, ತೆರೆಯ ಹಿಂದೆ ಮೇಡಂ ಒಬ್ಬರೇ ಕುಳಿತು ಅಜ್ಜಿಯ ತಲೆ ಬಾಚುತ್ತಿದ್ದರು. ಮರುದಿನದಿಂದ ತೆರೆಯ ಒಳಗೆ ಇಬ್ಬರಿಗಿಂತ ಹೆಚ್ಚು ವಿದ್ಯಾರ್ಥಿನಿಯರನ್ನು ಅವರು ನಿಲ್ಲಿಸಲಿಲ್ಲ. ನನ್ನ ಎರಡು ಅಂಕವನ್ನು ಮಾತ್ರ ಕೊಡಲಿಲ್ಲ, ನಾನೂ ಕೇಳಲಿಲ್ಲ. ಆ ರೆಕಾರ್ಡ್ ಪುಸ್ತಕ ನನ್ನ ಕಪಾಟಿನಲ್ಲಿದೆ. ಕೆಂಪು ಶಾಯಿ ಮಾಸಿದ್ದರೂ, ಹತ್ತಕ್ಕೆ ಎಂಟು ಎಂಬುದು ಈಗಲೂ ಓದಲು ಬರುತ್ತದೆ.