ನಡುವಿನ ಸುರುಳಿ ಯಾಕೆ ಹಾಗಿದೆ?

ವೈದ್ಯಕೀಯ ಸಮ್ಮೇಳನ ನಡೆದ ಊರು ಹೇಗಿತ್ತು ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಹೋಟೆಲಿನಿಂದ ಸಭಾಭವನ, ಸಭಾಭವನದಿಂದ ಹೋಟೆಲು, ನೋಡಿದ್ದು ಅಷ್ಟೇ. ಆ ಭವನದ ನೆಲಮಾಳಿಗೆಯಲ್ಲಿ, ಪೋಸ್ಟರ್ ಸಾಲಿನ ಕೊನೆಯ ಕಂಬದ ಪಕ್ಕ ಕಳೆದ ಮಧ್ಯಾಹ್ನದ ಬಗ್ಗೆ ಕೇಳಿ, ಬೇಕಾದಷ್ಟು ಹೇಳುತ್ತೇನೆ.

ಪ್ರಯಾಣದ ವಿಷಯ ಬೇಗ ಮುಗಿಸುತ್ತೇನೆ, ಸಿಟ್ಟು ಇನ್ನೂ ಇಳಿದಿಲ್ಲ. ಎ0 ಅಳತೆಯ ಪೋಸ್ಟರ್ ಎಂದರೆ 841 ಮಿ.ಮೀ. ಅಗಲ, 1189 ಮಿ.ಮೀ. ಉದ್ದ. ಕಾಗದದ್ದನ್ನು ಸುತ್ತಿ ಕೊಳವೆಯಲ್ಲಿಟ್ಟು ಹೊತ್ತುಕೊಂಡು ಹೋದೆ. ವಿಮಾನದ ಬಾಗಿಲಲ್ಲಿ ಅದನ್ನು ಕೈಯಿಂದ ತೆಗೆದುಕೊಂಡು ಕೆಳಗೆ ಸಾಮಾನಿನ ಜೊತೆ ಹಾಕಿಬಿಟ್ಟರು. ಇಳಿದು ನೋಡಿದರೆ ಕೊಳವೆಯ ಒಂದು ತುದಿ ಚಪ್ಪಟೆ, ಪೋಸ್ಟರಿನ ಅಂಚಿಗೆ ಉದ್ದಕ್ಕೂ ಮಡಿಕೆ. ಪಕ್ಕದ ಬೋರ್ಡಿನ ಹುಡುಗ ಕೈಚೀಲದಿಂದ ಮಡಚಿದ ಬಟ್ಟೆಯೊಂದನ್ನು ತೆಗೆದು ಕೊಡವಿದ. ಅದೇ ಅವನ ಪೋಸ್ಟರ್! ದಯವಿಟ್ಟು ಬಟ್ಟೆಯ ಮೇಲೆ ಮುದ್ರಿಸಿಕೊಳ್ಳಿ. ಬೋರ್ಡು ಉದ್ದಕ್ಕಿದೆಯೋ ಅಡ್ಡಕ್ಕಿದೆಯೋ ಮೊದಲೇ ಕೇಳಿಕೊಳ್ಳಿ. ಕ್ಯೂಆರ್ ಕೋಡನ್ನೇ ನಂಬಬೇಡಿ, ನೆಲಮಾಳಿಗೆಯಲ್ಲಿ ಸಿಗ್ನಲ್ ಇರುವುದಿಲ್ಲ.

ಸೀನಿಯರ್‌ಗಳು ಹೇಳಿಕಳಿಸಿದ್ದು ಒಂದೇ ಮಾತು: ದೊಡ್ಡವರ ಭಾಷಣ ಮುಗಿದ ತಕ್ಷಣ ಹೋಗಿ ಪರಿಚಯ ಮಾಡಿಕೋ. ಮಾಡಿಕೊಂಡೆ. ಹಿಂದೆ ಸಾಲು ನೂಕುತ್ತಿತ್ತು, ಪ್ರೊಫೆಸರ್ ನನ್ನ ಮುಖ ಬಿಟ್ಟು ಬ್ಯಾಡ್ಜ್ ನೋಡಿ, "ವೆರಿ ಗುಡ್, ಮೇಲ್ ಮಾಡಿ" ಎಂದರು. ಇದನ್ನು ದರ್ಶನ ಅನ್ನಬಹುದು, ಪರಿಚಯ ಅನ್ನಲಾರೆ.

ನನ್ನ ಪೋಸ್ಟರ್ ಒಬ್ಬ ರೋಗಿಯ ಬಗ್ಗೆ. ಹದಿಹರೆಯದ ಹುಡುಗ, ಕೈ ನಡುಕ, ಅಕ್ಷರ ಕೆಟ್ಟಿದೆ ಎಂದು ಶಾಲೆಯಲ್ಲಿ ಬೈಸಿಕೊಂಡವನು. ಕೊನೆಗೆ ಗೊತ್ತಾದದ್ದು ವಿಲ್ಸನ್ ಕಾಯಿಲೆ. 1912ರಲ್ಲಿ ಕಿನ್ನಿಯರ್ ವಿಲ್ಸನ್ ವಿವರಿಸಿದ್ದು ಇದನ್ನೇ. ಯಕೃತ್ತಿಗೆ ಹೆಚ್ಚಾದ ತಾಮ್ರವನ್ನು ಪಿತ್ತದ ಮೂಲಕ ಹೊರಹಾಕಲು ಆಗುವುದಿಲ್ಲ, ಅದು ಯಕೃತ್ತು, ಮೆದುಳು, ಕಣ್ಣಿನ ಕಾರ್ನಿಯಾದಲ್ಲಿ ಕೂರುತ್ತಾ ಹೋಗುತ್ತದೆ. ಪೋಸ್ಟರಿನ ಕೆಳಗೆ, ಕೈ ನಡುಕ ಎಷ್ಟಿದೆ ಎಂದು ನೋಡಲು ಅವನಿಂದ ಬರೆಸಿದ ಮೂರು ಸುರುಳಿಗಳಿದ್ದವು, ಅವನೂ ಮನೆಯವರೂ ಒಪ್ಪಿದ ಮೇಲೆ ಹಾಕಿದ್ದು. ಮೊದಲನೆಯದು ಬಂದ ದಿನದ್ದು, ಎರಡನೆಯದು ಔಷಧಿ ಶುರುವಾದ ಮೇಲಿನದು, ಮೂರನೆಯದು ತುಂಬಾ ತಿಂಗಳು ಕಳೆದದ್ದು. ಎರಡನೆಯದು ಮೊದಲಿಗಿಂತ ಹದಗೆಟ್ಟಿತ್ತು. ಸೂಟು ಹಾಕಿದ ಒಬ್ಬರು ನಿಂತು ನೋಡಿ, "ನಡುವಿನದು ತೆಗೆದುಬಿಡಿ, ಆಗ ಚೆನ್ನಾಗಿ ಕಾಣುತ್ತೆ" ಎಂದು ಸಲಹೆ ಕೊಟ್ಟು ಹೋದರು. ಚೆನ್ನಾಗಿ ಕಾಣಬೇಕಾದ್ದು ಏನೋ, ಅವರಿಗೇ ಗೊತ್ತು.

ಆಮೇಲೆ ಬಂದವರು ಒಬ್ಬ ಹಿರಿಯ ಲ್ಯಾಬ್ ಟೆಕ್ನಾಲಜಿಸ್ಟ್. ಕನ್ನಡಕ ಹಣೆಗೇರಿಸಿ, ಮಡಿಕೆ ಬಿದ್ದ ಅಂಚನ್ನು ಒಂದು ಕೈಯಲ್ಲಿ ಒತ್ತಿಹಿಡಿದು, ಅಲ್ಲಿದ್ದ ಸಣ್ಣ ಅಕ್ಷರಗಳನ್ನು ಓದಿದರು. ಅವರೊಬ್ಬರೇ ಓದಿದ್ದು.

"ಸೆರುಲೋಪ್ಲಾಸ್ಮಿನ್ 22 ಬಂದಾಗ ಸಿಆರ್‌ಪಿ ಎಷ್ಟಿತ್ತು ಡಾಕ್ಟ್ರೇ?"

"ಇನ್ನೂ ಡಾಕ್ಟರ್ ಆಗಿಲ್ಲ ಮೇಡಂ, ಓದ್ತಾ ಇದೀನಿ. ಸಿಆರ್‌ಪಿ ಜಾಸ್ತಿನೇ ಇತ್ತು, ಆಗ ಅವನಿಗೆ ನ್ಯುಮೋನಿಯಾ. ವಾಸಿಯಾದ ಮೇಲೆ ಮತ್ತೆ ನೋಡಿದ್ರೆ 9."

"ಹಾಗೆ ಹೇಳಿ! 22 ನೋಡಿ ವಿಲ್ಸನ್ ಅಲ್ಲ ಅಂತ ಕೈಬಿಡೋರು ಎಷ್ಟು ಜನ ಇದಾರೋ."

ಸೆರುಲೋಪ್ಲಾಸ್ಮಿನ್ ಎಂದರೆ ರಕ್ತದಲ್ಲಿ ತಾಮ್ರ ಹೊರುವ ಪ್ರೋಟೀನ್. ಅದು ವಿಲ್ಸನ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕೆಳಗಿರುತ್ತದೆ. ಆದರೆ ಮೈಯಲ್ಲಿ ಉರಿಯೂತ ಇದ್ದರೆ (ಸಿಆರ್‌ಪಿ ಪರೀಕ್ಷೆ ತೋರಿಸುವುದು ಅದನ್ನೇ) ತಾನಾಗಿ ಮೇಲೇರುತ್ತದೆ, ಕಾಯಿಲೆ ಮರೆಯಾಗುತ್ತದೆ. ಪಠ್ಯಪುಸ್ತಕದಲ್ಲಿ ಅರ್ಧ ಸಾಲಿನಲ್ಲಿ ಮುಗಿಯುವ ವಿಷಯ.

ಅಲ್ಲಿಂದ ಮಾತು, ತಾಮ್ರ ಅಳೆಯಲು ಕೂಡಿಡುವ 24 ಗಂಟೆಯ ಮೂತ್ರಕ್ಕೆ ಹೋಯಿತು. "ಬೆಳಗಿನ ಮೊದಲನೇದು ಚೆಲ್ಲಬೇಕು, ಮಾರನೇ ಬೆಳಗಿನದು ಸೇರಿಸಬೇಕು. ಜನ ಉಲ್ಟಾ ಮಾಡ್ತಾರೆ. ಅರ್ಧ ದಿನದ್ದು ಕಳಿಸಿ ಪೂರ್ತಿ ಅಂತ ಬರೀತಾರೆ, ದಿನಾ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಹೋಗೋ ಕ್ರಿಯಾಟಿನಿನ್ ನೋಡಿ ನಾವು ಕಂಡುಹಿಡೀಬೇಕು. ಇನ್ನು ಡಬ್ಬಿಯಲ್ಲೇ ಲೋಹದ ಅಂಶ ಇದ್ರೆ ಮುಗೀತು. ತಾಮ್ರ ಹುಡುಗನದಾ ಡಬ್ಬಿದಾ, ಯಾರು ಹೇಳ್ತಾರೆ?" ನಾನು ಗೀಚಿಕೊಳ್ಳುತ್ತಿದ್ದೆ. ಬೆಳಿಗ್ಗೆಯಿಂದ ದೊಡ್ಡ ಸಭಾಂಗಣದಲ್ಲಿ ಕೂತು ಇಷ್ಟು ಬರೆದುಕೊಂಡಿರಲಿಲ್ಲ.

ಸುರುಳಿಗಳ ಹತ್ತಿರ ಬಂದಾಗ ಅವರು ಮಾತು ನಿಲ್ಲಿಸಿದರು. ಮೊದಲನೆಯದರ ಮೇಲೆ ಬೆರಳಿಟ್ಟು, ಗೆರೆ ಹಾರಿದಲ್ಲೆಲ್ಲ ತಾವೂ ಹಾರುತ್ತಾ ಹೊರಗಿನವರೆಗೆ ಬಂದರು.

"ನಮಗೆ ಬರೋದು ಡಬ್ಬಿ, ಅದರ ಮೇಲೊಂದು ನಂಬರ್. ಇಷ್ಟು ವರ್ಷ ತಾಮ್ರ ಅಳೆದಿದೀನಿ ಕಣಮ್ಮ, ಕೈ ಹೀಗೆ ನಡುಗುತ್ತೆ ಅಂತ ಇವತ್ತೇ ನೋಡಿದ್ದು." ಆಮೇಲೆ, "ಸರಿ, ನಡುವಿನ ಸುರುಳಿ ಯಾಕೆ ಹಾಗಿದೆ?"

ಅವನಿಗೆ ಮೊದಲು ಕೊಟ್ಟದ್ದು ಪೆನಿಸಿಲಮೈನ್. 1956ರಲ್ಲಿ ವೈದ್ಯ ಜಾನ್ ವಾಲ್ಶ್ ಬಳಕೆಗೆ ತಂದ ಈ ಔಷಧಿ ತಾಮ್ರವನ್ನು ಮೂತ್ರದಲ್ಲಿ ಹೊರಹಾಕಿಸುತ್ತದೆ. ಮೆದುಳಿಗೆ ತಗುಲಿದ ಕೆಲವರಲ್ಲಿ ಶುರುವಿಗೆ ನಡುಕ ಹೆಚ್ಚೂ ಆಗಬಹುದು. ನಮ್ಮ ಹುಡುಗನಿಗೆ ಆದದ್ದು ಅದೇ, ಔಷಧಿ ಬದಲಾಯಿಸಬೇಕಾಯಿತು. ಅಷ್ಟು ಹೇಳಿದೆ.

"ಅವರಮ್ಮ ಕೇಳಿರಬೇಕಲ್ಲ, ನಿಮ್ಮ ಮಾತ್ರೆಯಿಂದಲೇ ಹೀಗಾಯ್ತು ಅಂತ?"

"ಕೇಳಿದ್ರು ಮೇಡಂ. ಹೌದು, ಹಾಗೂ ಆಗುತ್ತೆ ಅಂತ ನಮ್ಮ ಸರ್ ಅವರ ಪಕ್ಕ ಕೂತು ಹೇಳಿದ್ರು. ನಾನು ಅಲ್ಲೇ ನಿಂತಿದ್ದೆ."

"ಇದನ್ನ ತೆಗೀಬೇಡಿ, ಯಾರು ಹೇಳಿದ್ರೂ ಸರಿ," ಎಂದು ನನ್ನ ಮೊಣಕೈ ಹಿಡಿದು ಹಾಲಿನ ಆ ತುದಿಗೆ ಕರೆದುಕೊಂಡು ಹೋದರು. ಅಲ್ಲಿದ್ದ ಮಕ್ಕಳ ಯಕೃತ್ ತಜ್ಞರು ಅವರಿಗೆ ಬರೀ ಫೋನಿನ ಪರಿಚಯ. "ಇವರು ಕಳಿಸೋ ಸ್ಯಾಂಪಲ್ ಮಾತ್ರ ಯಾವಾಗಲೂ ಸರಿಯಾಗಿರುತ್ತೆ," ಎಂದೇ ಅವರನ್ನು ನನಗೆ ಪರಿಚಯಿಸಿದರು. ಡಾಕ್ಟರು ಜೋರಾಗಿ ನಕ್ಕರು. ಆಮೇಲೆ ಮೂವರೂ ಕೂತಿದ್ದು ಹಾಲಿನ ದೀಪ ಆರಿಸುವವರೆಗೆ. ಮುಕ್ತಾಯದ ಭಾಷಣ ತಪ್ಪಿತು, ಬೇಸರವೇನಿಲ್ಲ.

ಅವತ್ತೇ ರಾತ್ರಿ ಇಬ್ಬರಿಗೂ ಮೇಲ್ ಬರೆದೆ. ವಿಷಯದ ಸಾಲಿನಲ್ಲಿ "ಕಂಬದ ಪಕ್ಕದ ಪೋಸ್ಟರ್, ಮೂರು ಸುರುಳಿ" ಎಂದು ಹಾಕಿದೆ. ಬರೀ ಹೆಸರು ಹಾಕಿದರೆ ಅಷ್ಟು ಜನರಲ್ಲಿ ಯಾರಿಗೆ ನೆನಪಿರುತ್ತದೆ? ಡಾಕ್ಟರು ರಜೆಯಲ್ಲಿ ತಮ್ಮ ವಾರ್ಡಿಗೆ ಬಂದು ಕೆಲಸ ನೋಡಲು ಹೇಳಿದ್ದಾರೆ. "ಮೇಲ್ ಮಾಡಿ" ಅಂದ ಪ್ರೊಫೆಸರಿಗೂ ಬರೆದಿದ್ದೆ, ಉತ್ತರವಿಲ್ಲ. ಮೇಡಂ ಮಾತ್ರ ತಮ್ಮ ಲ್ಯಾಬಿನ ಮೂತ್ರ ಸಂಗ್ರಹದ ಸೂಚನಾಪತ್ರವನ್ನೇ ಕಳಿಸಿದರು. ಅದರ ಎರಡನೇ ಸಾಲು ರೋಗಿಯ ಮನೆಯವರಿಗೆ ಅರ್ಥವಾಗುವುದಿಲ್ಲ ಎಂದು ನಾನು ಬರೆದೆ, ಆಗುತ್ತದೆ ಎಂದು ಅವರು. ಆ ಜಗಳ ಇನ್ನೂ ನಡೆಯುತ್ತಿದೆ.