ಅಪ್ಪನ ಸಹಿ ಇದ್ದ ಬಾಡಿಗೆ ಕರಾರು

ಹಾಸನದಲ್ಲಿ ಅಪ್ಪನ ಕಾಂಡಿಮೆಂಟ್ಸ್ ಅಂಗಡಿ ಹದಿನಾರು ವರ್ಷ ಒಂದೇ ಮಳಿಗೆಯಲ್ಲಿತ್ತು. ಕೋಡುಬಳೆ, ನಿಪ್ಪಟ್ಟು, ಚಕ್ಕುಲಿ, ಖಾರದ ಅವಲಕ್ಕಿ. 2023ರಲ್ಲಿ ಅಪ್ಪ ತೀರಿಕೊಂಡ ಮೇಲೆ ಗಲ್ಲಾದಲ್ಲಿ ನಾನು ಕೂತೆ. ಬಾಡಿಗೆ ಕರಾರು ಅಪ್ಪನ ಹೆಸರಲ್ಲೇ ಉಳಿಯಿತು. ಯಜಮಾನರೂ ಏನೂ ಹೇಳಲಿಲ್ಲ. ಪ್ರತಿ ತಿಂಗಳು ಐದನೇ ತಾರೀಕು ನನ್ನ ಫೋನಿಂದಲೇ ಬಾಡಿಗೆ ಹೋಗುತ್ತಿತ್ತು.

2024ರ ಜೂನ್‌ನಲ್ಲಿ ಒಂದು ರಿಜಿಸ್ಟರ್ಡ್ ಪೋಸ್ಟ್ ಬಂತು. ಕಟ್ಟಡವನ್ನು ಮಾರ್ಚ್‌ನಲ್ಲೇ ಕ್ರಯಕ್ಕೆ ತೆಗೆದುಕೊಂಡಿದ್ದೇವೆ, ಆವತ್ತಿನಿಂದ ಬಾಡಿಗೆ ಬಂದಿಲ್ಲ, ಹದಿನೈದು ದಿನದಲ್ಲಿ ಮಳಿಗೆ ಖಾಲಿ ಮಾಡಿ ಅಂತ. ಕಳಿಸಿದವರ ಮುಖ ನಾವು ನೋಡಿಯೇ ಇರಲಿಲ್ಲ. ನೋಟಿಸ್ ಇದ್ದದ್ದು ಬೆಂಗಳೂರಿನಲ್ಲಿ ಕೆಲಸ ಮಾಡುವ ಅಣ್ಣನ ಹೆಸರಿಗೆ. ಫೋನ್ ಮಾಡಿದರೆ ಅವನಿಗೆ ಸಿಟ್ಟು. "ನನಗೂ ಆ ಅಂಗಡಿಗೂ ಏನೇ ಸಂಬಂಧ? ನಾನೇನು ಸಹಿ ಹಾಕಿದ್ದೀನಾ?"

ನನಗೂ ಹಾಗೇ ಅನಿಸಿತ್ತು. ಸಹಿ ಹಾಕಿದವರು ಅಪ್ಪ ಮತ್ತು ಹಳೆ ಯಜಮಾನರು. ಒಬ್ಬರು ಹೋದರು, ಇನ್ನೊಬ್ಬರು ಮಾರಿದರು. ಹಾಗಾದರೆ ಆ ಕಾಗದ ಈಗ ಯಾರನ್ನು ಕಟ್ಟಿಹಾಕುತ್ತದೆ?

ವಕೀಲರು ಮೊದಲು ಕೇಳಿದ್ದು ಅಂಗಡಿಯ ಅಳತೆ. ಹನ್ನೆರಡು ಅಡಿಗೆ ಇಪ್ಪತ್ತು ಅಂದೆ. ಅವರು ಕ್ಯಾಲ್ಕುಲೇಟರ್ ಒತ್ತಿ 22 ಚದರ ಮೀಟರ್ ಚಿಲ್ಲರೆ ಅಂದರು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ವ್ಯಾಪಾರದ ಜಾಗಗಳಲ್ಲಿ ಕಾಪಾಡುವುದು 14 ಚದರ ಮೀಟರ್ ಒಳಗಿನ ಸಣ್ಣ ಅಂಗಡಿಗಳನ್ನು ಮಾತ್ರ. ಅಂದರೆ ಸುಮಾರು ನೂರೈವತ್ತು ಚದರ ಅಡಿ. ಅದಕ್ಕಿಂತ ಜಾಸ್ತಿ ಇದ್ದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಗತಿ. ಬೀದಿಯಲ್ಲಿ ಎಷ್ಟು ಅಂಗಡಿಗಳಿಗೆ ಈ ವಿಷಯ ಗೊತ್ತಿದೆಯೋ. ನಮಗಂತೂ ಗೊತ್ತಿರಲಿಲ್ಲ.

ಆಮೇಲೆ ಕರಾರು ನೋಡಿದರು. ನೂರು ರೂಪಾಯಿ ಛಾಪಾ ಕಾಗದ. 2021ರಿಂದ ಐದು ವರ್ಷ, ತಿಂಗಳಿಗೆ 18,000 ಬಾಡಿಗೆ, ಎರಡು ಲಕ್ಷ ಅಡ್ವಾನ್ಸ್. ಕೆಳಗೆ ನೋಟರಿಯ ಕೆಂಪು ಸೀಲು. ಆ ಸೀಲನ್ನು ಅಪ್ಪ ಎಷ್ಟು ನಂಬಿದ್ದರು! ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ದೇವರ ಫೋಟೋ ಹಿಂದೆ ಇಟ್ಟಿದ್ದರು.

"ನೋಡಮ್ಮ, ನೋಟರಿ ಬೇರೆ, ನೋಂದಣಿ ಬೇರೆ" ಅಂದರು ವಕೀಲರು. ಒಂದು ವರ್ಷ ಮೀರಿದ ಬಾಡಿಗೆ ಕರಾರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಎಲ್ಲರೂ ಹನ್ನೊಂದು ತಿಂಗಳು ಅಂತ ಬರೆಸುವುದು ಇದನ್ನು ತಪ್ಪಿಸಲಿಕ್ಕೇ. ನೋಂದಣಿ ಇಲ್ಲದಿದ್ದರೆ ಆ ಐದು ವರ್ಷದ ಮಾತು ಯಾರ ಮೇಲೂ ನಿಲ್ಲುವುದಿಲ್ಲ. ಹೊಸ ಮಾಲೀಕರಿರಲಿ, ಸಹಿ ಹಾಕಿದ ಹಳೆಯವರ ಮೇಲೂ ಇಲ್ಲ. ಕಾಗದವನ್ನು ಕೋರ್ಟಿಗೆ ಕೊಟ್ಟರೆ ಕಮ್ಮಿ ಬಿದ್ದ ಛಾಪಾ ಶುಲ್ಕದ ಜೊತೆ ಅದರ ಹತ್ತು ಪಟ್ಟು ದಂಡ ಬೇರೆ.

ಹಾಗಂತ ನಾವು ಅತಿಕ್ರಮಣ ಮಾಡಿದವರೂ ಅಲ್ಲ. ಜಾಗ ಕೊಟ್ಟಿದ್ದಾರೆ, ಬಾಡಿಗೆ ತಗೊಂಡಿದ್ದಾರೆ. ಹಾಗಾಗಿ ತಿಂಗಳಿಂದ ತಿಂಗಳಿಗೆ ಬಾಡಿಗೆದಾರರು. 2000ದಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆಯಂತೆ. ಅಲ್ಲೂ ಐದು ವರ್ಷದ ಕರಾರೇ, ನೋಂದಣಿ ಆಗಿರಲಿಲ್ಲ. ಆದರೆ ತಿಂಗಳ ಬಾಡಿಗೆದಾರರನ್ನು ಬಿಡಿಸಲಿಕ್ಕೆ ಹದಿನೈದು ದಿನದ ನೋಟಿಸ್ ಸಾಕು. ನಮ್ಮ ಹದಿನಾರು ವರ್ಷಕ್ಕೆ ಹದಿನೈದು ದಿನ. ಆವತ್ತು ರಾತ್ರಿ ಊಟ ಸೇರಲಿಲ್ಲ.

ಅಣ್ಣನ ವಿಷಯಕ್ಕೆ ಬಂದರೆ, ಅಪ್ಪನ ಬಾಡಿಗೆ ಹಕ್ಕು ಅಮ್ಮನಿಗೆ, ಅವನಿಗೆ, ನನಗೆ ಒಟ್ಟಿಗೆ ಬಂದಿದೆ. ಮೂರು ಪಾಲಾಗಿ ಅಲ್ಲ, ಒಂದೇ ಬಾಡಿಗೆಯಾಗಿ. ಆದ್ದರಿಂದ ಒಬ್ಬರಿಗೆ ನೋಟಿಸ್ ಕೊಟ್ಟರೆ ಎಲ್ಲರಿಗೂ ಕೊಟ್ಟ ಹಾಗೆ. ಇದೂ 1989ರ ಸುಪ್ರೀಂ ಕೋರ್ಟ್ ತೀರ್ಪು. ಅಂಗಡಿಗೆ ಕಾಲಿಡದ ಅಣ್ಣನೂ ಬಾಡಿಗೆದಾರನೇ. ಇದನ್ನು ಅವನಿಗೆ ಅರ್ಥ ಮಾಡಿಸಲು ನನಗೆ ಎರಡು ಭಾನುವಾರ ಬೇಕಾಯಿತು.

ಬಾಕಿ ಬಾಡಿಗೆ ವಿಷಯದಲ್ಲಿ ಮಾತ್ರ ನಾವು ಉಸಿರಾಡಿದೆವು. ಕಟ್ಟಡ ಕೊಂಡವರು ಹಳೆ ಮಾಲೀಕರ ಜಾಗಕ್ಕೆ ತಾವಾಗಿಯೇ ಬರುತ್ತಾರೆ, ನಾವು ಒಪ್ಪಿ ಸಹಿ ಹಾಕಬೇಕಿಲ್ಲ. ಅದು ಸ್ವತ್ತು ವರ್ಗಾವಣೆ ಕಾಯ್ದೆಯ 109ನೇ ಸೆಕ್ಷನ್. ಅದೇ ಸೆಕ್ಷನ್ ನಮ್ಮ ಪರವಾಗಿಯೂ ಒಂದು ಮಾತು ಹೇಳುತ್ತದೆ. ಮಾರಾಟ ಆದದ್ದು ಗೊತ್ತಿಲ್ಲದೆ ಹಳೆಯವರಿಗೆ ಬಾಡಿಗೆ ಕಟ್ಟಿದ್ದರೆ, ಹೊಸಬರಿಗೆ ಮತ್ತೆ ಕಟ್ಟಬೇಕಿಲ್ಲ. ಮಾರ್ಚ್, ಏಪ್ರಿಲ್, ಮೇ, ಮೂರೂ ತಿಂಗಳ ಹಣ ಹೋದದ್ದು ಫೋನಿನಲ್ಲೇ ಇತ್ತು. ಪ್ರಿಂಟ್ ತೆಗೆದು ಉತ್ತರದ ಜೊತೆ ಕಳಿಸಿದೆವು. ಆ ಬೇಡಿಕೆ ಮತ್ತೆ ಬರಲಿಲ್ಲ.

ಅದೇ ಕಟ್ಟಡದಲ್ಲಿ, ನಮ್ಮ ಪಕ್ಕದ ಗೋಡೆಗೆ, ಒಂದು ಮೆಡಿಕಲ್ ಶಾಪ್ ಇದೆ. ಅವರು ಒಂಬತ್ತು ವರ್ಷಕ್ಕೆ ರಿಜಿಸ್ಟರ್ ಮಾಡಿಸಿದ್ದರು. ಅವರಿಗೂ ಹೊಸ ಮಾಲೀಕರ ಕಡೆಯವರು ಬಂದು ಕೇಳಿದರು, ಕಾಗದ ನೋಡಿ ವಾಪಸ್ ಹೋದರು. ಕಟ್ಟಡ ಕೊಂಡವರು ಆ ಕರಾರನ್ನೂ ಸೇರಿಸಿಯೇ ಕೊಂಡ ಹಾಗೆ. ಅಲ್ಲಿ ಈಗಲೂ ದೀಪ ಉರಿಯುತ್ತದೆ. ದಾರಿಯಲ್ಲಿ ಹೋಗುವಾಗ ನೋಡಿದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ. ಅಪ್ಪನಿಗೆ ಯಾರಾದರೂ ಇಷ್ಟು ಹೇಳಿದ್ದರೆ ಅವರು ಖಂಡಿತ ಮಾಡಿಸುತ್ತಿದ್ದರು.

ನಾವು ಕೇಸಿಗೆ ಹೋಗಲಿಲ್ಲ. ಮಾತಾಡಿ, ದೀಪಾವಳಿ ವ್ಯಾಪಾರ ಮುಗಿಯುವವರೆಗೆ ಸಮಯ ತಗೊಂಡು ಬಿಟ್ಟೆವು. ಈಗ ಎರಡು ಬೀದಿ ಆಚೆ ಹೊಸ ಮಳಿಗೆ, ಆರು ವರ್ಷಕ್ಕೆ. ಈ ಸಲ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಮ್ಮ, ಅಣ್ಣ, ನಾನು ಮೂವರೂ ಫೋಟೋ, ಹೆಬ್ಬೆಟ್ಟು ಕೊಟ್ಟೆವು. ಕಟ್ಟಡ ಮಾರಿದರೆ ಅಡ್ವಾನ್ಸ್ ಯಾರು ವಾಪಸ್ ಕೊಡಬೇಕು ಅನ್ನುವುದಕ್ಕೆ ಒಂದು ಪೂರ್ತಿ ಸಾಲು ಬರೆಸಿದ್ದೇನೆ. ಯಾಕೆಂದರೆ ನಮ್ಮ ಎರಡು ಲಕ್ಷವನ್ನು ಹೊಸ ಮಾಲೀಕರು "ನನ್ನ ಕೈಗೆ ಬಂದಿಲ್ಲಮ್ಮ" ಅಂದರು. ಹಳೆಯವರು 1,20,000 ಕೊಟ್ಟಿದ್ದಾರೆ. ಇನ್ನು ಎಂಬತ್ತು ಸಾವಿರ ಬರಬೇಕು. ಶುಕ್ರವಾರ ಬಾ ಅಂದಿದ್ದಾರೆ. ಅಣ್ಣನೂ ಬರುತ್ತಾನೆ.