ಮಲಗಿದವರನ್ನು ಎಬ್ಬಿಸುವ ಅಭ್ಯಾಸ: ಪೊಲೀಸ್ ತರಬೇತಿ ಎಲ್ಲಿಗೆ ಬಂತು

ಬೀದಿಯಲ್ಲಿ ಮಲಗುವವರ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ಪೊಲೀಸರಿಗೆ ಕೊಡುವ ನಮ್ಮ ತರಬೇತಿಯಲ್ಲಿ ಉಪನ್ಯಾಸದ ಭಾಗವನ್ನು ಇನ್ನಷ್ಟು ಕತ್ತರಿಸಿದ್ದೇವೆ. ಮಾನಸಿಕ ಬಿಕ್ಕಟ್ಟಿನಲ್ಲಿರುವವರ ಜೊತೆ ವ್ಯವಹರಿಸುವುದಕ್ಕೆಂದು 1988ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಶುರುವಾದ ಪೊಲೀಸ್ ತರಬೇತಿ 40 ಗಂಟೆಯದು. ನಮ್ಮದು ಒಂದೇ ದಿನ. ಅದರಲ್ಲಿ ಹೆಚ್ಚಿನ ಪಾಲು ಮಲಗಿದವರನ್ನು ಎಬ್ಬಿಸುವ ಮೊದಲ ಅರ್ಧ ನಿಮಿಷದ ಅಭ್ಯಾಸಕ್ಕೇ ಹೋಗುತ್ತದೆ. ಜಗಳ ಹುಟ್ಟುವುದು ಅಲ್ಲೇ.

ಕ್ರಮ ಹೀಗೆ: ಮನೆಯಿಲ್ಲದೆ ಹೊರಗೆ ಮಲಗಿದವರ ಕಾಲಿನ ಕಡೆಯಿಂದ ಬಂದು, ಎರಡು ಮೀಟರ್ ದೂರದಲ್ಲಿ ನಿಲ್ಲಬೇಕು. ಟಾರ್ಚ್ ನೆಲಕ್ಕೆ ಹಿಡಿಯಬೇಕು, ಮುಖಕ್ಕೆ ಬಿಡಬಾರದು. ತಮ್ಮ ಹೆಸರು, ಬಂದ ಕಾರಣ ಹೇಳಿ, ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಬೇಕು. ಎಲ್ಲಕ್ಕಿಂತ ಕಷ್ಟವಾಗುವುದು ಈ ಸುಮ್ಮನಿರುವುದೇ. ಉತ್ತರ ತಡವಾದರೆ ದನಿ ಏರುತ್ತದೆ, ಜೊತೆಗಿದ್ದವರೂ ಬಾಯಿ ಹಾಕುತ್ತಾರೆ. ನಿದ್ದೆಗಣ್ಣಿನವರಿಗೆ ಯಾರ ಮಾತು ಕೇಳಬೇಕೆಂದೇ ತಿಳಿಯುವುದಿಲ್ಲ. ಹಾಗಾಗಿ ಮಾತಾಡುವವರು ಒಬ್ಬರೇ. ಇನ್ನೊಬ್ಬರು ಪಕ್ಕಕ್ಕೆ ಸರಿದು ಸುತ್ತಲಿನ ಮೇಲೆ ಕಣ್ಣಿಡುತ್ತಾರೆ. ಬೂಟಿನಿಂದ ತಟ್ಟಿ ಎಬ್ಬಿಸುವುದಂತೂ ಕೂಡದು. ನಿದ್ದೆಯಲ್ಲಿ ಹೊಡೆತ ತಿಂದವರು ಕಣ್ಣು ಬಿಡುವ ಮೊದಲೇ ಕೈ ಎತ್ತುತ್ತಾರೆ. ಅದನ್ನು ಹಲ್ಲೆ ಯತ್ನವೆಂದು ಬರೆದುಕೊಂಡರೆ ಅನ್ಯಾಯ.

ಕೂಗಿದರೂ ಮಿಸುಕದಿದ್ದರೆ ಉಸಿರಾಟ ನೋಡಿ, ಭುಜ ತಟ್ಟಿ, ಆಂಬುಲೆನ್ಸ್ ಕರೆಸಬೇಕು. ತೊದಲು ಮಾತು, ತೂರಾಟ ಕಂಡ ಕೂಡಲೇ ‘ಕುಡಿದಿದ್ದಾನೆ’ ಎನ್ನುವಂತಿಲ್ಲ. ರಕ್ತದಲ್ಲಿ ಸಕ್ಕರೆ ಇಳಿದರೂ, ಮೈ ತೀರಾ ತಣ್ಣಗಾದರೂ, ತಲೆಗೆ ಪೆಟ್ಟು ಬಿದ್ದರೂ ಹಾಗೆಯೇ ಕಾಣುತ್ತದೆ. ಹೆಂಡದ ವಾಸನೆ ಇದ್ದ ಮಾತ್ರಕ್ಕೆ ಇವು ಇಲ್ಲವೆಂದಲ್ಲ. ಚಳಿಯಲ್ಲಿ ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಕ ನಿಲ್ಲಿಸಿ ಮಂಕಾದರೆ ಅದು ಚೇತರಿಕೆಯಲ್ಲ, ಅಪಾಯ.

ಸಾಮಾನಿನ ಅಭ್ಯಾಸಕ್ಕೆ ಒಂದು ಕೊಳಕು ಚೀಲ ಸಿದ್ಧವಾಗಿದೆ. ಮೇಲೆ ಒದ್ದೆ ಕಂಬಳಿ, ಖಾಲಿ ಬಾಟಲಿ. ತಳದಲ್ಲಿ ಸಾಕ್ಸ್ ಒಳಗೆ ಮಾತ್ರೆಯ ಪಟ್ಟಿ, ಪ್ಲಾಸ್ಟಿಕ್ ಕವರಿನಲ್ಲಿ ಗುರುತಿನ ಚೀಟಿ. ಕಸವೆಂದು ಎಸೆದವರಿಗೆ ಆಮೇಲೆ ತಳ ತೋರಿಸುತ್ತೇವೆ. ಗುರುತಿನ ಚೀಟಿ ಹೋದರೆ ಆಸ್ಪತ್ರೆ, ಪಿಂಚಣಿ, ಕೆಲಸ ಎಲ್ಲದಕ್ಕೂ ಮತ್ತೆ ಮೊದಲಿನಿಂದ ಅಲೆದಾಟ. ಚೀಲ ವಶಕ್ಕೆ ಪಡೆಯಲೇಬೇಕಾದರೆ ಅವರೆದುರೇ ಪಟ್ಟಿ ಮಾಡಿ, ಔಷಧ ಮತ್ತು ಕಾಗದ ಅವರ ಕೈಗೆ ಕೊಟ್ಟು, ಉಳಿದದ್ದಕ್ಕೆ ರಸೀದಿ ಬರೆಯಬೇಕು. ಎಲ್ಲಿ, ಎಷ್ಟು ಗಂಟೆಯೊಳಗೆ ಬಂದು ಬಿಡಿಸಿಕೊಳ್ಳಬೇಕೆಂಬುದೂ ಅದರಲ್ಲಿರಬೇಕು.

ಅಭ್ಯಾಸದಲ್ಲಿ ಮಲಗಿದವರ ಪಾತ್ರ ಮಾಡುವವರು ಬೀದಿಯಲ್ಲಿ ಬದುಕಿ ಬಂದವರು. ಇತರ ತರಬೇತುದಾರರಷ್ಟೇ ಸಂಭಾವನೆ. ದೃಶ್ಯ ನಿಲ್ಲಿಸುವ ಹಕ್ಕು ಅವರದು. ಅವರ ಸ್ವಂತ ಕಥೆಯನ್ನು ಆಡಿಸುವುದಿಲ್ಲ.

ಬಾಕಿ ಇರುವುದು ಪೊಲೀಸರು ಜೇಬಿನಲ್ಲಿ ಇಟ್ಟುಕೊಳ್ಳಬೇಕಾದ ಚೀಟಿ. ‘ಆಶ್ರಯ ಕೇಂದ್ರಕ್ಕೆ ಹೋಗಿ’ ಎಂದು ಹೇಳುವ ಮೊದಲು ಹಾಸಿಗೆ ಖಾಲಿ ಇದೆಯೇ, ಬಾಗಿಲು ಎಷ್ಟಕ್ಕೆ ಮುಚ್ಚುತ್ತದೆ, ನಾಯಿಯನ್ನು ಬಿಡುತ್ತಾರೆಯೇ, ಗಂಡ ಹೆಂಡತಿ ಒಟ್ಟಿಗೆ ಇರಬಹುದೇ ಎಂದು ಫೋನಿನಲ್ಲಿ ಕೇಳಿಕೊಳ್ಳಬೇಕು. ಚೀಟಿಯಲ್ಲಿರುವುದು ಇಷ್ಟೇ: ಈ ನಾಲ್ಕು ಪ್ರಶ್ನೆ, ಕೇಂದ್ರಗಳ ನಂಬರು, ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ. ನಂಬರು ಹಳೆಯದಾದರೆ ಚೀಟಿಯೇ ವ್ಯರ್ಥ, ಆದ್ದರಿಂದ ಪ್ರತಿ ತಿಂಗಳು ಕರೆ ಮಾಡಿ ನೋಡುವ ಹೊಣೆಯನ್ನು ಒಬ್ಬರ ಹೆಸರಿಗೇ ಬರೆಯುತ್ತಿದ್ದೇವೆ.